ಕೆಂಪಾಗದ ಬೆನ್ನು

“ಕೆಂಪ್ ಆಗೇದೇನ ನೋಡು,” ಎನ್ನುತ್ತ ಏಕನಾಥ ಅಂಗಿ ಬಿಚ್ಚಿ ಅಡುಗೆಮನೆಯ ಬಾಗಿಲಿಗೆ ಬಂದು ಬೆನ್ನು ತಿರುಗಿಸಿ ನಿಂತ.

ಭಾಮಾ ಮೆಣಸಿನಕಾಯಿ ಹೆಚ್ಚುವುದನ್ನು ಬಿಟ್ಟು ಎದ್ದು ಬಂದಳು. ಗಂಡನ ಬೆನ್ನ ಮೇಲೆ ಡಾಕ್ಟರು ಪೆನ್ನಿನಿಂದ ಗುರುತು ಮಾಡಿದ್ದ ಮೂರು ಚೌಕಗಳು ಸಾಲಾಗಿ ಹಾಗೇ ಇದ್ದವು. ಗುರುತು ಅಳಿಸಬಾರದೆಂದು ಪಾಪ, ಬೆನ್ನಿಗೆ ನೀರನ್ನೇ ಸೋಕಿಸಿರಲಿಲ್ಲ. ಆದರೆ ಯಾವ ಚೌಕದೊಳಗೂ ಒಂದು ಗುಳ್ಳೆಯಿಲ್ಲ, ಕೆಂಪಿನ ಸುಳಿವಿಲ್ಲ. ಅವಳು ಬಗ್ಗಿ ಇನ್ನೊಮ್ಮೆ ಹುಡುಕಿದಳು.

“ಏನೂ ಇಲ್ರಿ. ಬೆನ್ನು ಬೆಣ್ಣಿ ಇದ್ದಂಗ ಅದ.”

“ನಾ ಹೇಳಿದ್ನಿಲ್ಲ? ಈ ಮೈ ಭಾಳ ಗಟ್ಟಿ,” ಎಂದು ಏಕನಾಥ ನಕ್ಕ. ಆ ನಗುವಿನಲ್ಲಿ ಯಾಕೋ ಗೆಲುವಿರಲಿಲ್ಲ.

ಪುಣೆಯ ಕೊಂಢವಾ ಬಡಾವಣೆಯ ಶೆಡ್ಡೊಂದರಲ್ಲಿ ಏಕನಾಥ ನಲ್ಲಿಗಳಿಗೆ ಕ್ರೋಮ್ ಲೇಪ ಕೊಡುವ ಮಿಸ್ತ್ರಿ. ಲೇಪದ ಟ್ಯಾಂಕಿನಿಂದ ಏಳುವ ಹಬೆಗೆ ಕಣ್ಣು ಸದಾ ಕೆಂಪು. ಅದರೊಳಗಿನ ನೀರು ತಾಗಿ ತಾಗಿ ಅಂಗೈ ಬಿರಿದು ಹೋಗಿತ್ತು. ಕೊನೆಗೆ ಭಾಮಾನೇ ಅವನನ್ನು ದಬ್ಬಿಕೊಂಡು ಚರ್ಮದ ಡಾಕ್ಟರ್ ನೀಲಿಮಾ ಬಳಿ ಕರೆದೊಯ್ದಿದ್ದಳು. ಆಕೆ ನಿಕಲ್, ಕೋಬಾಲ್ಟ್, ಕ್ರೋಮ್‌ಗಳನ್ನು ಚೂರು ಚೂರು ಸವರಿದ ಪಟ್ಟಿಗಳನ್ನು ಹೆಸರು ಹೇಳಿ ಹೇಳಿ ಬೆನ್ನಿಗೆ ಅಂಟಿಸಿದರು. ಆಮೇಲೆ ಪಟ್ಟಿ ಕಿತ್ತು, ಜಾಗಕ್ಕೆ ಗುರುತು ಹಾಕಿ, ಇನ್ನೊಮ್ಮೆ ನೋಡುತ್ತೇನೆಂದು ಇವತ್ತು ಮಧ್ಯಾಹ್ನ ಬರಹೇಳಿದ್ದರು. ಕ್ರೋಮ್ ಇಟ್ಟ ಜಾಗ ಕೆಂಪಾದರೆ ಅದು ಈ ದೇಹಕ್ಕೆ ಯಾವತ್ತೂ ಆಗಿಬರುವುದಿಲ್ಲ, ಟ್ಯಾಂಕಿನಿಂದ ಬಿಡಿಸಿ ಪ್ಯಾಕಿಂಗ್‌ಗೆ ಹಾಕಿ ಎಂದು ಮಾಲೀಕನಿಗೆ ಬರೆದು ಕೊಡುತ್ತೇನೆ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದ್ದರು. ಕೆಂಪಾಗದಿದ್ದರೆ ಮುಲಾಮು, ಕೈಗವಸು, ಮತ್ತೆ ಅದೇ ಟ್ಯಾಂಕು.

ಬೇರೆ ಕೆಲಸ ಕೊಡಿ ಎಂದು ಏಕನಾಥ ತಾನಾಗಿ ಬಾಯಿಬಿಡುವ ಆಸಾಮಿಯಲ್ಲ. “ಮಿಸ್ತ್ರಿ ಅನಿಸಿಕೊಂಡಾಂವ ಡಬ್ಬಿ ಕಟ್ಟಲೇನ?” ಎಂದು ಹೆಂಡತಿಯ ಮೇಲೇ ಹರಿಹಾಯುತ್ತಿದ್ದ. ಅದಕ್ಕೇ ಭಾಮಾ ವಿಠೋಬನಿಗೆ ಮೊರೆ ಇಟ್ಟಿದ್ದಳು. ಗಂಡನ ಬೆನ್ನು ಕೆಂಪಗಾಗಲಪ್ಪಾ ಎಂದು ಕೈಮುಗಿದ ಹೆಂಡತಿ ಇಡೀ ಪುಣೆಯಲ್ಲಿ ಅವಳೊಬ್ಬಳೇ ಇರಬೇಕು.

ಅಷ್ಟರಲ್ಲಿ ಒಳಕೋಣೆಯಲ್ಲಿ ಕೂಸು ಅತ್ತಿತು. ಬಾಣಂತನಕ್ಕೆ ಬಂದಿದ್ದ ಮಗಳು ಕೇತಕಿ ಬಚ್ಚಲಲ್ಲಿದ್ದಳು. ಏಕನಾಥ ಬರಿಮೈಯಲ್ಲೇ ಓಡಿ ಹೋಗಿ ತೊಟ್ಟಿಲ ಮೇಲೆ ಬಾಗಿ ಎರಡೂ ಕೈ ಚಾಚಿದ. ಚಾಚಿದವನು ತನ್ನ ಅಂಗೈ ನೋಡಿಕೊಂಡು ಹಾಗೇ ಹಿಂದೆಗೆದ.

“ಏ ಭಾಮಾ, ಕೂಸಿನ್ನ ಎತ್ಕೋ ಬಾ.”

“ನನ್ನ ಕೈ ಖಾರ ಆಗ್ಯಾವ್ರೀ. ನೀವ ಎತ್ಕೋರಿ.”

“ಬ್ಯಾಡ. ಮೊನ್ನೆ ಗಲ್ಲಾ ಮುಟ್ಟಿದ್ದಕ್ಕ ಗೀರು ಬಿದ್ದಿತ್ತು.” ಅವನ ದನಿ ಸಣ್ಣದಾಗಿತ್ತು. “ದೂರ ನಿಂತು ತೂಗೂದ ಚೊಲೋ.”

ಅವನು ತೊಟ್ಟಿಲಿನ ಹಗ್ಗ ಹಿಡಿದು ಜಗ್ಗತೊಡಗಿದ. ಭಾಮಾ ಬಾಗಿಲಲ್ಲಿ ನಿಂತು ನೋಡಿದಳು. ಕೂಸು ಹುಟ್ಟಿದಾಗಿನಿಂದ ಈ ಮನುಷ್ಯ ಅದನ್ನು ಒಮ್ಮೆಯೂ ಎದೆಗೆ ಒತ್ತಿಕೊಂಡಿಲ್ಲ. ಅವಳು ಒಮ್ಮೆ ತನ್ನ ಬೆರಳು ನೋಡಿಕೊಂಡಳು, ಒಮ್ಮೆ ಅವನ ಬೆನ್ನು ನೋಡಿದಳು. ಆಮೇಲೆ ಸದ್ದಿಲ್ಲದೆ ಹಿಂದೆ ಹೋಗಿ, ಮೆಣಸಿನಕಾಯಿ ಹೆಚ್ಚಿದ ಬೆರಳನ್ನು ಒಂದು ಚೌಕದೊಳಗೆ ಒತ್ತಿ ಉಜ್ಜಿದಳು.

ಏಕನಾಥನ ಮೈ ಸೆಟೆಯಿತು. ತೊಟ್ಟಿಲು ನಿಂತಿತು. ಇಷ್ಟು ವರ್ಷದ ಸಂಸಾರದಲ್ಲಿ ಭಾಮಾ ಗಂಡನ ಬೆನ್ನ ಹಿಂದೆ ಒಂದು ಕಪಟ ಮಾಡಿದವಳಲ್ಲ. ಮಾಡಿದ ಮೊದಲ ಸಲವೇ ಸಿಕ್ಕಿಬಿದ್ದಿದ್ದಳು. ಬೈಯಲಿ, ಬೈಸಿಕೊಂಡರಾಯಿತು ಎಂದು ಗಟ್ಟಿಯಾಗಿ ನಿಂತಳು.

ಅವನು ಹಿಂತಿರುಗಿ ನೋಡಲಿಲ್ಲ. ಕೂಸು ಅಳು ನಿಲ್ಲಿಸಿ ಪಿಳಿಪಿಳಿ ಅವನನ್ನೇ ನೋಡುತ್ತಿತ್ತು. ಅದರ ಮೇಲಿನ ಕಣ್ಣು ಕೀಳದೆ ಅವನು ಮತ್ತೆ ಮೆಲ್ಲಗೆ ಹಗ್ಗ ಜಗ್ಗಿದ.

“ಅದು ನಿಕಲ್‌ದ್ದು,” ಅಂದ. “ಕ್ರೋಮದ್ದು ಬಾಜೂಕ ಅದ.”