ಕೆರೆದ ಗೆರೆಗಳು

ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಪ್ರಪಾತ ಎಂದು ಬೆಟ್ಟದ ಹಳೆಯ ನಕ್ಷೆಯನ್ನು ಓದಲು ಅವಳಿಗೆ ಕಲಿಸಿದ್ದು ಗಂಡ. ಕಾಲು ಮುರಿದುಕೊಂಡ ಅವನನ್ನು ಆ ಬೆಟ್ಟದ ಕಾಡಿನಲ್ಲೇ ಸಾಯಲು ಬಿಟ್ಟು ಬಂದಿದ್ದ ಅವನ ಗೆಳೆಯ, ಮತ್ತೆ ಅದೇ ಬೆಟ್ಟ ಹತ್ತಬೇಕೆಂದು ಈಗ ನಕ್ಷೆ ಕೇಳಿದ. ಅವಳು ಒಂದು ಕಡೆಯ ಒತ್ತೊತ್ತಾದ ಗೆರೆಗಳನ್ನು ಬ್ಲೇಡಿನಿಂದ ನಯವಾಗಿ ಕೆರೆದು, ಅಲ್ಲೊಂದು ಕಾಲುದಾರಿ ಎಳೆದು, ನಗುನಗುತ್ತಲೇ ಕೊಟ್ಟಳು.

ವಾರ ಕಳೆದು ಅವನು ಬಾಗಿಲಲ್ಲಿ ನಿಂತಿದ್ದ. ಮೈಮೇಲೆ ಒಂದು ಗೀರೂ ಇರಲಿಲ್ಲ.

“ಹೋಗ್ಲಿಲ್ವಾ?”

“ಮಂಡಿನೋವು ಅತ್ತಿಗೆ, ಬುಡದಿಂದ್ಲೇ ವಾಪಸ್ ಬಂದೆ. ನಿಮ್ಮ ಮಗ ಕೇಳ್ಬೇಕಲ್ಲ! ನಿಮಗೆ ಹೇಳ್ದೆ ಹಾಸ್ಟೆಲಿಂದ ನನ್ ಜೊತೆ ಬಂದಿದ್ದ. ಅಪ್ಪ ಸತ್ತ ಜಾಗ ನೋಡ್ಲೇಬೇಕು ಅಂತ ನಕ್ಷೆ ಇಸ್ಕೊಂಡು ಒಬ್ಬನೇ ಆ ಕಾಲುದಾರಿ ಹಿಡಿದ. ಮನೆಗೆ ಬಂದನಾ?”