ಒಂದು ಆಟ ಹೊರಗೆ

ಬದರಿಯ ಹೆಲ್ಮೆಟ್ಟು ತಲೆಯಿಂದ ಜಾರಿ ಹುಲ್ಲಿನ ಮೇಲೆ ಉರುಳಿತು. ಹುಡುಗ ಮಾತ್ರ ನಿಲ್ಲಲಿಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಬರಿತಲೆಯಲ್ಲೇ, ಬಾಯ್ತುಂಬ ನಗುತ್ತ ಗೆಲುವಿನ ಗೆರೆಯ ಕಡೆಗೆ ಓಡಿದ. ಮೈದಾನದ ಅಂಚಿನಲ್ಲಿ ಸೀರೆಯ ಮೇಲೆ ದಪ್ಪ ಕೋಟು ತೊಟ್ಟು ನಿಂತಿದ್ದ ಅವನ ತಾಯಿ ರಮಾಮಣಿಗೆ ಈ ಅಮೆರಿಕನ್ ಫುಟ್‌ಬಾಲಿನ ತಲೆಬುಡ ತಿಳಿಯದು. ಆ ಮೆಟುಚೆನ್ ಊರಿನಲ್ಲಿ ಆ ಕಾಲಕ್ಕೆ ಸೀರೆ ಉಡುತ್ತಿದ್ದವಳೇ ಅವಳೊಬ್ಬಳು. ಆದರೆ ಮಗನ ಮುಖ ಕಂಡಿತಲ್ಲ! ಹದಿಮೂರು ತುಂಬಿದಾಗಿನಿಂದ ಮನೆಯಲ್ಲಿ ಅವನು ಹೀಗೆ ನಕ್ಕದ್ದೇ ಇಲ್ಲ. ಈ ನಗುವನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟುಕೊಂಡಿದ್ದನೋ ಮಹರಾಯ ಎಂದು ಅವಳಿಗೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ರೆಫರಿ ಸೀಟಿ ಊದಿ ಎರಡೂ ಕೈ ಆಡಿಸಿದ.

"ಯಾಕಂತೆ? ಗೆರೆ ದಾಟಿದನಲ್ಲ?" ಎಂದಳು ಗಂಡನಿಗೆ.

"ದಾಟಿದ್ದು ಲೆಕ್ಕಕ್ಕಿಲ್ಲ ಕಣೇ," ಎಂದ ಅಶ್ವತ್ಥನಾರಾಯಣ, ಟೀವಿ ನೋಡಿ ನೋಡಿ ಅರ್ಧ ಪಂಡಿತನಾಗಿದ್ದವನು. "ಚೆಂಡು ಹಿಡಿದೋನ ಹೆಲ್ಮೆಟ್ ಬಿತ್ತೂಂದ್ರೆ ಪ್ಲೇ ಅಲ್ಲಿಗೇ ಡೆಡ್, ಆ ಓಟ ಅಲ್ಲಿಗೇ ಮುಗೀತು. ಈ ಲೀಗಿನ ರೂಲು."

"ಯಾರೂ ಕೀಳಲಿಲ್ಲ, ತಾನಾಗೇ ಬಿತ್ತಲ್ಲಾಂದ್ರೆ!"

"ಹೇಗೆ ಬಿದ್ದರೂ ಅಷ್ಟೇ. ಓಡೋ ಭರದಲ್ಲಿ ತಲೆ ಬರಿದಾಗಿದೆ ಅನ್ನೋದೇ ಹುಡುಗರಿಗೆ ಮರೆತುಹೋಗಿರುತ್ತೆ. ಪೆಟ್ಟು ಬಿದ್ದರೆ ಗತಿ ಏನು? ಮುಂದಿನ ಒಂದು ಪ್ಲೇ, ಅಂದ್ರೆ ಒಂದು ಸರದಿ ಆಟ, ಹೊರಗೆ ನಿಲ್ಲಬೇಕು ಬೇರೆ. ಗದ್ದದ ಸ್ಟ್ರಾಪ್ ಇಲ್ಲಿಗೆ ಬಂದಮೇಲೆ ನಾನೇ ಬಿಗಿ ಮಾಡಿದ್ದೆ, ಅದು ಹೇಗೆ ಜಾರಿತೋ!"

ಹೇಗೆ ಜಾರಿತೆಂದು ರಮಾಮಣಿಗಲ್ಲದೆ ಇನ್ನಾರಿಗೆ ಗೊತ್ತು? ಅಂದು ನರಕ ಚತುರ್ದಶಿ. "ಶಾಸ್ತ್ರಕ್ಕೆ ಒಂದು ತೊಟ್ಟು ಎಣ್ಣೆ ಇಡ್ತೀನಿ ಕೂತ್ಕೊಳೋ," ಎಂದು ಬೆಳಿಗ್ಗೆ ಗೋಗರೆದಿದ್ದಳು. ತಲೆ ಮುಟ್ಟಿದರೆ ಸಿಡಿಮಿಡಿಗೊಳ್ಳುವ ಮಗ ಅದೇನು ಅನ್ನಿಸಿತೋ, "ಜಸ್ಟ್ ಒನ್ ಡ್ರಾಪ್, ಮಾಮ್," ಎಂದು ಕೂತುಬಿಟ್ಟ. ಆ ಗುಂಗುರು ಕೂದಲೊಳಗೆ ಬೆರಳು ಹೋದದ್ದೇ ತಡ, ಕೈ ಅವಳ ಮಾತು ಕೇಳಲಿಲ್ಲ. ಬಟ್ಟಲಿನ ಎಳ್ಳೆಣ್ಣೆಯೆಲ್ಲ ಖಾಲಿ. ನೆತ್ತಿ ತಟ್ಟಿದಳು, ಕಿವಿ ತಿಕ್ಕಿದಳು, ತಟ್ಟುತ್ತಲೇ ಇದ್ದಳು. ತಲೆಗೆ ನೀರು ಹಾಕುವ ಮುಂಚೆಯೇ ಹೊರಗೆ ತಂಡದ ಕೋಚನ ಸ್ಟೇಷನ್ ವ್ಯಾಗನ್ ಕಾರು ಹಾರ್ನ್ ಮಾಡಿತು. ಹುಡುಗ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಓಡಿದ.

ಈಗ ಅವನು ಹೆಲ್ಮೆಟ್ಟು ಕೈಲಿ ಹಿಡಿದು, ಮುಖ ಇಳಿಬಿಟ್ಟುಕೊಂಡು ಅಂಚಿಗೆ ಬಂದ. ಕೋಚು ಹೆಲ್ಮೆಟ್ಟಿನೊಳಗೆ ಬೆರಳಾಡಿಸಿ ಮೂಸಿ ನೋಡಿದ. "ವಾಟ್ ಇಸ್ ದಿಸ್, ಸನ್?"

ಬದರಿ ತಾಯಿಯ ಕಡೆ ಒಮ್ಮೆ ನೋಡಿದ. ಎಲ್ಲರೆದುರು ನನ್ನ ಹೆಸರು ಹೇಳುತ್ತಾನೆ, ಇನ್ನು ಜನ್ಮದಲ್ಲಿ ತಲೆ ಮುಟ್ಟಗೊಡುವುದಿಲ್ಲ ಎಂದುಕೊಂಡಳು ರಮಾಮಣಿ.

"ಹೇರ್ ಆಯಿಲ್, ಕೋಚ್. ಐ ಪುಟ್ ಟೂ ಮಚ್."

ಬೆಂಚಿನ ಹುಡುಗರು ಮೂಗು ಹಿಡಿದುಕೊಂಡು ಕಿಸಕ್ಕೆಂದರು. ಬದರಿ ಟವೆಲ್ಲು ತೆಗೆದುಕೊಂಡು ತಾಯಿಯ ಪಕ್ಕ ಬಂದು ನಿಂತು ತಲೆಯನ್ನು ಗಸಗಸ ಉಜ್ಜತೊಡಗಿದ. ಬೆಳಿಗ್ಗೆ ಹಚ್ಚಿದ್ದೆಲ್ಲ ಹೋಗುತ್ತಿದ್ದುದನ್ನು ಅವಳು ನೋಡಿದಳು. ಸೆರಗಿನಿಂದ ತಾನೇ ಒರೆಸಲೆಂದು ಎತ್ತಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ತಪ್ಪಾಯ್ತು ಕಣೋ ಮರಿ. ಇನ್ಮೇಲೆ ನಿನ್ನ ತಲೆ ತಂಟೆಗೆ ಬರೋಲ್ಲ."

ಅವನು ಟವೆಲ್ಲಿನೊಳಗಿಂದಲೇ ಅಂದ: "ನೆಕ್ಸ್ಟ್ ಇಯರ್ ಹ್ಯಾವ್ ದೀಪಾವಳಿ ಆನ್ ಸಂಡೇ, ಮಾಮ್. ನೋ ಗೇಮ್ಸ್ ಆನ್ ಸಂಡೇ."

ಮೈಸೂರಿನಿಂದ ಪಂಚಾಂಗ ತರಿಸಿ, ಅದರ ಗಳಿಗೆ ತಪ್ಪದಂತೆ ಹಬ್ಬ ಮಾಡುವವಳು ರಮಾಮಣಿ. ಅವಳು ಹಿಂದೆ ಮುಂದೆ ನೋಡದೆ, "ಆಗಲಪ್ಪ, ಭಾನುವಾರವೇ ಮಾಡೋಣ," ಎಂದುಬಿಟ್ಟಳು.

ಮೈದಾನದಲ್ಲಿ ಆ ಒಂದು ಪ್ಲೇ ಮುಗಿಯಿತು. ಬದರಿ ಹೆಲ್ಮೆಟ್ಟು ತಲೆಗೇರಿಸಿ, ಸ್ಟ್ರಾಪು ಹಾಕಿಕೊಳ್ಳಲು ತಲೆ ಬಗ್ಗಿಸಿದ. ರಮಾಮಣಿ ತಡೆಯಲಾರದೆ ಅದರ ಮೇಲೆಯೇ ಅಂಗೈ ಇಟ್ಟಳು. ಪ್ಲಾಸ್ಟಿಕ್ಕು ತಣ್ಣಗೆ ಕೊರೆಯುತ್ತಿತ್ತು. ಒಳಗಿನ ತಲೆಗೆ ಅವಳ ಕೈ ತಿಳಿಯಿತೋ ಇಲ್ಲವೋ. ಸ್ಟ್ರಾಪು ಆಗಲೇ ಬಿಗಿದಾಗಿತ್ತು. ಕೋಚು ಹೆಸರು ಹಿಡಿದು ಎರಡು ಸಲ ಕೂಗಿದ. ಹುಡುಗ ಅವಳ ಅಂಗೈ ಕೆಳಗೆ ಬಗ್ಗಿಸಿದ ತಲೆ ಎತ್ತಲಿಲ್ಲ.