ಬೀಜವಿಲ್ಲದ ಮೇಜು

ಹೊಸ ತಳಿಯ ಅಗಸೆ ಬಂದ ಮೇಲೆ ಅದನ್ನು ತಿನ್ನುವ ಹೆಂಗಸರಿಗೆ ಗರ್ಭ ನಿಲ್ಲುತ್ತಿರಲಿಲ್ಲ. ಎಣ್ಣೆ, ಹಿಟ್ಟು, ಚಟ್ನಿ ಎಲ್ಲದರಲ್ಲೂ ಅದೇ ಇದ್ದುದರಿಂದ ಮಗು ಬೇಕೆನ್ನುವವರು ಬೇರೆ ಕೂತು ಉಣ್ಣುವುದು ರೂಢಿಯಾಗಿತ್ತು. ನೂಲಿನ ಗಿರಣಿಯಲ್ಲಿ ಅಂಥವರಿಗೆಂದೇ ಕಿಟಕಿಯ ಬಳಿ ಒಂದು ಮೇಜಿತ್ತು. ಈಗ ಅಲ್ಲಿ ಕೂರುತ್ತಿದ್ದವರು ಮಹಾನಂದಾ ಮತ್ತು ಅವಳ ಗೆಳತಿ ಶಾಕಿರಾ ಇಬ್ಬರೇ.

ಆ ಮಧ್ಯಾಹ್ನ ಶಾಕಿರಾ ಬುತ್ತಿ ಹಿಡಿದು ಹೋಗಿ ಉಳಿದ ಹೆಂಗಸರ ಸಾಲಿನಲ್ಲಿ ಕೂತಳು. ರೊಟ್ಟಿಯ ಮೇಲೆ ಅಗಸೆ ಚಟ್ನಿ ಹಾಕಿಸಿಕೊಂಡಳು. ಮಹಾನಂದಾಳ ತುತ್ತು ಕೈಯಲ್ಲೇ ಉಳಿಯಿತು.

ಸ್ವಲ್ಪ ಹೊತ್ತಿಗೆ ಶಾಕಿರಾ ಅರ್ಧ ಊಟ ಬಿಟ್ಟು ಎದ್ದು ಬಂದಳು.

"ಸಿಟ್ಟಾಗಬ್ಯಾಡ ನಂದಕ್ಕಾ. ಮನ್ಯಾಗ ಎಲ್ಲಾರ ಜೋಡಿ ಕೂತು ಉಣ್ಣೂದ ಮರತೇ ಹೋಗಿತ್ತು ನನಗ. ಇನ್ನ ಹಿಂಗ ಬ್ಯಾರೆ ಕೂತು ಉಣ್ಣೂದು ನನ್ನ ಕಡಿಂದ ಆಗೂದಿಲ್ಲ. ನೀನೂ ಬಾ."

"ಚಟ್ನಿ ಹೆಂಗೈತಿ?" ಎಂದು ಮಹಾನಂದಾ ಕೇಳಿದಳು.

"ನಮ್ಮ ಅಮ್ಮಿ ಮಾಡಿದಂಗ ಐತಿ" ಎನ್ನುತ್ತಲೇ ಶಾಕಿರಾ ಅತ್ತುಬಿಟ್ಟಳು.

ಮಹಾನಂದಾ ಅವಳ ಕೈ ಹಿಡಿಯಲು ಹೋದಳು. ಶಾಕಿರಾಳ ಬೆರಳಿಗೆ ಅಂಟಿದ್ದ ಚಟ್ನಿಪುಡಿ ಕಂಡು ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಶಾಕಿರಾ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಮೇಜಿನಿಂದ ದೂರ ಸರಿದು ನಿಂತಳು.